ಹಲವು ಚಕ್ರ, ಒಂದೇ ಅಂಕಿ: ರನ್‌ವೇ ಬಲದ ಲೆಕ್ಕ ಬದಲಾದ ಬಗೆ

1946ರಲ್ಲಿ ಮೊದಲ ಸಲ ಹಾರಿದ ಅಮೆರಿಕದ ಬಿ-36 ಬಾಂಬರ್‌ನ ಮೂಲ ಮಾದರಿಗೆ ಎಡಕ್ಕೊಂದು, ಬಲಕ್ಕೊಂದು ಮುಖ್ಯ ಚಕ್ರ. ಟೈರಿನ ವ್ಯಾಸ 110 ಇಂಚು, ಆಳೆತ್ತರಕ್ಕೂ ಮಿಗಿಲು. ಭಾರವನ್ನೆಲ್ಲ ಎರಡೇ ಕಡೆ ಊರುವ ಅದಕ್ಕೆ 22 ಇಂಚು ದಪ್ಪದ ಕಾಂಕ್ರೀಟ್ ಬೇಕಿತ್ತು. ಅಂಥ ರನ್‌ವೇಗಳು ಆಗ ಬೆರಳೆಣಿಕೆಯಷ್ಟು. ಕೊನೆಗೆ ವಿಮಾನವನ್ನೇ ಬದಲಿಸಿ, ಪ್ರತಿ ಕಡೆಗೂ ನಾಲ್ಕು ಚಕ್ರಗಳ ಬೋಗಿ (ಒಂದೇ ಚೌಕಟ್ಟಿನ ಚಕ್ರಗಳ ಗುಂಪು) ಕೂರಿಸಿದರು. ರನ್‌ವೇ ಉಳಿಯಿತು, ಲೆಕ್ಕ ಜಟಿಲವಾಯಿತು. ವಿನ್ಯಾಸದ ಸೂತ್ರಗಳೆಲ್ಲ ಒಂಟಿ ಚಕ್ರಕ್ಕೆ ಬರೆದವು. ನಾಲ್ಕು ಚಕ್ರಗಳ ಪೆಟ್ಟನ್ನು ಒಂದರ ಲೆಕ್ಕಕ್ಕೆ ಇಳಿಸುವುದು ಹೇಗೆ?

ಆ ಸೂತ್ರಗಳ ಬೇರು ಹೆದ್ದಾರಿಯಲ್ಲಿದೆ. ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿ ಓ.ಜೆ. ಪೋರ್ಟರ್ 1920ರ ದಶಕದ ಕೊನೆಗೆ ರೂಪಿಸಿದ, ಮಣ್ಣಿನ ಬಲ ಅಳೆಯುವ ಸಿಬಿಆರ್ (ಕ್ಯಾಲಿಫೋರ್ನಿಯಾ ಬೇರಿಂಗ್ ರೇಶಿಯೊ) ಪರೀಕ್ಷೆ ತೀರಾ ಸರಳ. ಅಚ್ಚಿನಲ್ಲಿ ದಮ್ಮಸು ಮಾಡಿದ ಮಣ್ಣನ್ನು ನಾಲ್ಕು ದಿನ ನೀರಲ್ಲಿ ನೆನೆಸಿ, ಸುಮಾರು 5 ಸೆಂ.ಮೀ. ವ್ಯಾಸದ ಉಕ್ಕಿನ ಕೊರಡನ್ನು ನಿಮಿಷಕ್ಕೆ 1.27 ಮಿ.ಮೀ. ವೇಗದಲ್ಲಿ ಒತ್ತುತ್ತಾರೆ. 2.5 ಮಿ.ಮೀ. ಇಳಿಯಲು ಬೇಕಾದ ಬಲವನ್ನು ಒಳ್ಳೆಯ ಜಲ್ಲಿಯ ಬಲಕ್ಕೆ ಹೋಲಿಸಿದ ಶೇಕಡಾವಾರೇ ಸಿಬಿಆರ್. ಎರಡನೇ ಮಹಾಯುದ್ಧದ ತುರ್ತಿನಲ್ಲಿ ಅಮೆರಿಕ ಸೇನೆಯ ಎಂಜಿನಿಯರ್ ದಳ ಲಾರಿ ಚಕ್ರಗಳ ಆ ಅನುಭವವನ್ನೇ ಹಿಗ್ಗಿಸಿ ಬಾಂಬರ್‌ಗಳಿಗೆ ಅನ್ವಯಿಸಿತು. ನೆನೆಸುವ ಹಂತವನ್ನು ಹಗುರಾಗಿ ಕಾಣಬಾರದು: ಒಣಗಿದ್ದಾಗ ಗಟ್ಟಿಯಾಗಿ ನಿಲ್ಲುವ ಜೇಡಿಮಣ್ಣು ನೀರು ಕುಡಿದರೆ ಸಿಬಿಆರ್ 3ಕ್ಕೂ ಕೆಳಗೆ ಕುಸಿಯಬಲ್ಲದು.

1950ರಲ್ಲಿ ಎಂಜಿನಿಯರ್‌ಗಳಾದ ಬಾಯ್ಡ್ ಮತ್ತು ಫಾಸ್ಟರ್ ಚಕ್ರಗಳ ಪ್ರಶ್ನೆಗೊಂದು ದಾರಿ ತೋರಿಸಿದರು. ಅಕ್ಕಪಕ್ಕದ ಎರಡು ಚಕ್ರಗಳ ಭಾರ ಕೆಳಗಿಳಿಯುತ್ತ ಶಂಕುವಿನಂತೆ ಹರಡುತ್ತದೆ. ಟೈರುಗಳ ನಡುವಿನ ತೆರಪಿನ ಅರ್ಧದಷ್ಟು ಆಳದವರೆಗೆ ಒಂದರ ಒತ್ತಡ ಇನ್ನೊಂದಕ್ಕೆ ತಾಗುವುದಿಲ್ಲ. ಚಕ್ರಗಳ ಕೇಂದ್ರಗಳ ಅಂತರದ ಎರಡರಷ್ಟು ಆಳಕ್ಕೆ ಹೋದರೆ ಎರಡೂ ಬೆರೆತು ಒಂದೇ ಭಾರವಾಗುತ್ತವೆ. ನಡುವಿನ ಆಳಗಳಿಗೆ ಲಾಗರಿದಮ್ ಗೆರೆ. ಹೀಗಾಗಿ ಗಟ್ಟಿ ನೆಲದ ತೆಳು ಪೇವ್‌ಮೆಂಟಿನ (ನೆಲದ ಮೇಲೆ ಹಾಸಿದ ಪದರಗಳ) ಮೇಲೆ ಸೌಮ್ಯವಾಗಿ ನಡೆಯುವ ವಿಮಾನವೇ ಮೆದು ನೆಲದ ದಪ್ಪ ಪೇವ್‌ಮೆಂಟಿನ ಮೇಲೆ ಕಠೋರವಾಗುತ್ತದೆ. ಈ ವಿಷಯದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಬೇಕು.

ಚಕ್ರಗಳು ಹೆಚ್ಚಿದಂತೆ ಸೂತ್ರ ಅತಿಯಾಗಿ ಹೆದರಿಸತೊಡಗಿತು. 16 ಮುಖ್ಯ ಚಕ್ರಗಳ ಬೋಯಿಂಗ್ 747 ಬರುವ ಹೊತ್ತಿಗೆ ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ ಸೇನೆ ನಿಜ ಗಾತ್ರದ ಪರೀಕ್ಷೆ ನಡೆಸಿ, ದಪ್ಪವನ್ನು ತಗ್ಗಿಸುವ ಆಲ್ಫಾ ಗುಣಕವನ್ನು ಸೇರಿಸಿತು. 1995ರಲ್ಲಿ ಸೇವೆಗೆ ಬಂದ 777ರ ಆರು ಚಕ್ರಗಳ ಬೋಗಿಗೆ ಅದೂ ಹೊಂದಲಿಲ್ಲ. ಲೆಕ್ಕ ಬೇಡಿದ ದಪ್ಪ ನಂಬುವಂತಿರಲಿಲ್ಲ. ತಾತ್ಕಾಲಿಕವಾಗಿ ಗುಣಕವನ್ನು 0.72ಕ್ಕೆ ಇಳಿಸಿದರು. ಅಟ್ಲಾಂಟಿಕ್ ಸಿಟಿ ಬಳಿ 1999ರಲ್ಲಿ ತೆರೆದ 900 ಅಡಿ ಉದ್ದದ ಒಳಾಂಗಣ ಪರೀಕ್ಷಾ ಪಥದ ಫಲಿತಾಂಶಗಳು ಆಮೇಲೆ ಅದನ್ನು ಎತ್ತಿಹಿಡಿದವು. ಹೊಸ ವಿಮಾನ ಬಂದಾಗಲೆಲ್ಲ ತೇಪೆ ಹಾಕಬೇಕಾದ ವಿಧಾನದ ಆಯುಸ್ಸು ಮುಗಿದಿತ್ತು. ಪದರಪದರವಾಗಿ ಒತ್ತಡ ಲೆಕ್ಕಿಸುವ ಸ್ಥಿತಿಸ್ಥಾಪಕ ಸಿದ್ಧಾಂತ ಆ ಜಾಗಕ್ಕೆ ಬಂತು. ಇದರಲ್ಲಿ ಪ್ರತಿ ವಿಮಾನವೂ ಪೇವ್‌ಮೆಂಟಿನ ಆಯುಸ್ಸಿನಿಂದ ತಿನ್ನುವ ಪಾಲನ್ನು ಕೂಡುತ್ತಾರೆ. ಮೊತ್ತ 1 ಆದರೆ ಆಯುಸ್ಸು ತೀರಿತು.

ಪೈಲಟ್‌ಗಳೂ ವಿಮಾನ ಸಂಸ್ಥೆಗಳೂ ನೋಡುವ ಸಂಕೇತವೂ ಇದೇ ಹಾದಿ ಹಿಡಿಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1980ರ ದಶಕದಿಂದ ಬಳಸಿದ ಎಸಿಎನ್–ಪಿಸಿಎನ್ ಪದ್ಧತಿಯ ಬದಲಿಗೆ 2024ರ ನವೆಂಬರ್ 28ರಿಂದ ಎಸಿಆರ್–ಪಿಸಿಆರ್ ಜಾರಿಯಾಗಿದೆ. ಎರಡರಲ್ಲೂ ಮೊದಲ ಅಂಕಿ ವಿಮಾನ ಹಾಕುವ ಪೆಟ್ಟು, ಎರಡನೆಯದು ಪೇವ್‌ಮೆಂಟ್ ತಾಳುವ ಬಲ. ಪಿಸಿಆರ್ 740/ಎಫ್/ಬಿ/ಡಬ್ಲ್ಯು/ಟಿ ಎಂದಿದ್ದರೆ: ಬಲ 740, ಡಾಂಬರು ಪೇವ್‌ಮೆಂಟ್, ತಳಮಣ್ಣು ಗಟ್ಟಿತನದಲ್ಲಿ ‘ಬಿ’ ವರ್ಗ, ಟೈರ್ ಒತ್ತಡಕ್ಕೆ ಮಿತಿಯಿಲ್ಲ, ತಾಂತ್ರಿಕ ಮೌಲ್ಯಮಾಪನದಿಂದ ಬಂದ ಅಂಕಿ. ಕೊನೆಯಲ್ಲಿ ‘ಯು’ ಇದ್ದರೆ, ಇಂಥ ವಿಮಾನಗಳು ಇಳಿದರೂ ಈವರೆಗೆ ಹಾಳಾಗಿಲ್ಲ ಎಂಬ ಅನುಭವವಷ್ಟೇ ಆಧಾರ. ಭಾರೀ ವಿಮಾನ ಓಡಾಡುವಲ್ಲಿ ‘ಯು’ ಸಾಲದು.

ತಾಂತ್ರಿಕ ಮೌಲ್ಯಮಾಪನದ ಮುಖ್ಯ ಸಾಧನ ಎಚ್‌ಡಬ್ಲ್ಯುಡಿ (ಹೆವಿ ವೇಟ್ ಡಿಫ್ಲೆಕ್ಟೋಮೀಟರ್). ಟ್ರೇಲರ್‌ನಲ್ಲಿ ಎತ್ತಿ ಹಿಡಿದ ತೂಕವೊಂದು 30 ಸೆಂ.ಮೀ. ವ್ಯಾಸದ ತಟ್ಟೆಯ ಮೇಲೆ ಬೀಳುತ್ತದೆ; ಸಾಲಾಗಿ ಇಟ್ಟ ಸಂವೇದಕಗಳು ನೆಲದ ತಗ್ಗನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತವೆ. ತಟ್ಟೆಯಡಿಯ ಓದಿನಲ್ಲಿ ಎಲ್ಲ ಪದರಗಳೂ ಇರುತ್ತವೆ, ತೀರಾ ದೂರದ ಓದಿನಲ್ಲಿ ಬಹುಪಾಲು ತಳಮಣ್ಣೇ. ತಪ್ಪುಗಳೂ ಇಲ್ಲೇ ನುಸುಳುತ್ತವೆ. ಡಾಂಬರಿನ ತಾಪಮಾನ ಬರೆದಿಡದಿದ್ದರೆ ಬಿಸಿಲಿನ ಮೆದುವನ್ನು ಸವೆತವೆಂದು ಓದುತ್ತೇವೆ. ಬೆಳಗಿನ ಜಾವ ಕಾಂಕ್ರೀಟ್ ಚಪ್ಪಡಿಯ ಮೂಲೆಗಳು ಮೇಲಕ್ಕೆ ಬಾಗಿರುತ್ತವೆ. ಆಗ ಅಳೆದರೆ ಅಡಿಯಲ್ಲಿ ಟೊಳ್ಳಿದೆ ಎನ್ನಿಸುತ್ತದೆ. ಪದರದ ದಪ್ಪವನ್ನು ಹಳೆಯ ನಕ್ಷೆಯಿಂದ ಎತ್ತಿಕೊಳ್ಳದೆ ಕೋರ್ (ಉರುಳೆಯಾಕಾರದ ಮಾದರಿ) ಕೊರೆದು ತೆಗೆದೇ ತಿಳಿಯಬೇಕು.

ಇನ್ನು, ಹಳೆಯ ಪಿಸಿಎನ್ ಅನ್ನು ಹತ್ತರಿಂದ ಗುಣಿಸಿ ಪಿಸಿಆರ್ ಎಂದು ಪ್ರಕಟಿಸುವುದು ಶುದ್ಧ ತಪ್ಪು. ಡಾಂಬರು ಪೇವ್‌ಮೆಂಟಿನ ತಳಮಣ್ಣು ಹಿಂದೆ ಸಿಬಿಆರ್ 8ರಿಂದ 13ರೊಳಗಿದ್ದರೆ ‘ಬಿ’. ಹೊಸದರಲ್ಲಿ ‘ಬಿ’ಗೆ ಸ್ಥಿತಿಸ್ಥಾಪಕ ಗುಣಾಂಕ (ಮಣ್ಣಿನ ಬಿಗಿತದ ಅಳತೆ) 100 ಮೆಗಾಪಾಸ್ಕಲ್ ಆದರೂ ಬೇಕು. ಸಿಬಿಆರ್‌ನ ಹತ್ತರಷ್ಟು ಗುಣಾಂಕವೆಂಬ ರೂಢಿಯ ಲೆಕ್ಕ ಹಿಡಿದರೆ, ಸಿಬಿಆರ್ 9ರ ಅದೇ ಮಣ್ಣು 90ಕ್ಕೆ ನಿಂತು ‘ಸಿ’ಗೆ ಇಳಿಯುತ್ತದೆ, ಸಿಬಿಆರ್ 5ರ ಮಣ್ಣು ‘ಸಿ’ಯಿಂದ ‘ಡಿ’ಗೆ. ಸರಿಯಾದ ಕ್ರಮದಲ್ಲಿ ಓಡಾಡುವ ವಿಮಾನಗಳ ಪಟ್ಟಿ, ತೂಕ, ವರ್ಷದ ಹಾರಾಟದ ಸಂಖ್ಯೆಗಳನ್ನು ಕೊಟ್ಟು, ಹಾನಿಯ ಮೊತ್ತ 1 ಆಗುವವರೆಗೆ ನಿರ್ಣಾಯಕ (ಅತಿ ಹೆಚ್ಚು ಹಾನಿ ಮಾಡುವ) ವಿಮಾನದ ತೂಕವನ್ನು ಏರಿಳಿಸುತ್ತಾರೆ. ಆ ತೂಕದಲ್ಲಿ ಅದರ ಎಸಿಆರ್ ಎಷ್ಟೋ, ಆ ರನ್‌ವೇಯ ಪಿಸಿಆರ್ ಅಷ್ಟು.