ರಿಮೋಟ್‌ನಿಂದ ಆರಿಸಿದರೆ ಸಾಕಾ, ಬಟನ್ನೂ ಬಂದ್ ಮಾಡಬೇಕಾ?

ಪ್ರಶ್ನೆ: ನಮ್ಮದು ಬಾಗಲಕೋಟೆ ನವನಗರ. ಮನೆಯಲ್ಲಿ ಐದು ಜನ. ಟಿವಿಯನ್ನು ರಿಮೋಟ್‌ನಿಂದಲೇ ಆರಿಸುತ್ತೇವೆ, ಗೋಡೆಯ ಬಟನ್ ಮುಟ್ಟುವುದಿಲ್ಲ. ಚಾರ್ಜರ್‌ಗಳೂ ಹಾಗೇ ಸಿಕ್ಕಿಸಿರುತ್ತವೆ. "ಕೆಂಪು ದೀಪ ಇದ್ದರೆ ಕರೆಂಟ್ ಸೋರ್ತದ" ಅಂತ ನಮ್ಮ ಅತ್ತೆಯವರು ದಿನಾ ಹೇಳುತ್ತಾರೆ. ಗೃಹಜ್ಯೋತಿ ಇದ್ದರೂ ಬೇಸಿಗೆಯಲ್ಲಿ ನಮಗೆ ಬಿಲ್ ಬರುತ್ತದೆ. ಇದರಿಂದ ನಿಜವಾಗಲೂ ಅಷ್ಟು ಕರೆಂಟ್ ಹೋಗುತ್ತದಾ?

ಉತ್ತರ: ಅತ್ತೆಯವರು ಹೇಳುವುದು ಸರಿ ರೀ, ಕರೆಂಟ್ ಸೋರುತ್ತದೆ. ಆದರೆ ಟಿವಿಯ ಕೆಂಪು ದೀಪದ ಹತ್ತಿರ ಸೋರುವುದು ತೀರಾ ಕಡಿಮೆ. ಜಾಸ್ತಿ ಸೋರುವುದು ಅದರ ಪಕ್ಕದಲ್ಲಿ ಸುಮ್ನೆ ಕೂತಿರುವ ಸೆಟ್‌ಟಾಪ್ ಬಾಕ್ಸ್‌ನಲ್ಲಿ.

ರಿಮೋಟ್ ಒತ್ತಿದಾಗ ಟಿವಿಯ ಪರದೆ ಆರುತ್ತದೆ. ಒಳಗಿನ ಒಂದು ಸಣ್ಣ ಭಾಗ ಮಾತ್ರ ಎಚ್ಚರ ಇರುತ್ತದೆ, ಮತ್ತೆ ಯಾವಾಗ ರಿಮೋಟ್ ಒತ್ತುತ್ತಾರೋ ಅಂತ ಕಾಯುತ್ತಾ. ಹಳೆಯ ದಪ್ಪ ಡಬ್ಬಿ ಟಿವಿಗಳು ಹೀಗೆ ಕಾಯುವುದಕ್ಕೇ ಐದು, ಕೆಲವೊಮ್ಮೆ ಹತ್ತು ವಾಟ್ ತಿನ್ನುತ್ತಿದ್ದವು. ಆ ಕಾಲದಲ್ಲಿ ರೂಢಿಯಾದ ಮಾತು ನಿಮ್ಮ ಅತ್ತೆಯವರದು, ಆಗ ಅದು ಪೂರ್ತಿ ಸರಿ. 1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ, ಕಾಯುವ ಸಾಮಾನು ಒಂದು ವಾಟ್‌ಗಿಂತ ಜಾಸ್ತಿ ತಿನ್ನಬಾರದು ಅಂತ ಎಲ್ಲ ದೇಶಗಳಿಗೂ ಕರೆ ಕೊಟ್ಟಿತು. 2013ರಿಂದ ಯುರೋಪಿನಲ್ಲಿ ಅರ್ಧ ವಾಟ್ ಅನ್ನುವುದು ಕಾನೂನೇ ಆಯಿತು. ಈಗಿನ ಎಲ್‌ಇಡಿ ಟಿವಿಗಳು ಸಾಮಾನ್ಯವಾಗಿ ಆ ಲೆಕ್ಕದಲ್ಲೇ ಇರುತ್ತವೆ. ಅರ್ಧ ವಾಟ್ ಅಂದರೆ ತಿಂಗಳಿಗೆ ಅರ್ಧ ಯೂನಿಟ್ಟೂ ಆಗುವುದಿಲ್ಲ. ಮೊಬೈಲ್ ಚಾರ್ಜರ್‌ದು ಅದಕ್ಕಿಂತ ಕಡಿಮೆ.

ಸೆಟ್‌ಟಾಪ್ ಬಾಕ್ಸ್ ಕಥೆ ಬೇರೆ. ರಿಮೋಟ್‌ನಿಂದ ಆರಿಸಿದರೆ ಅದರ ಮುಂದಿನ ದೀಪದ ಬಣ್ಣ ಬದಲಾಗುತ್ತದೆ, ಚಿತ್ರ ನಿಲ್ಲುತ್ತದೆ, ಅಷ್ಟೇ. ಒಳಗಿನ ಕೆಲಸ ಬಹಳಷ್ಟು ನಡೆದೇ ಇರುತ್ತದೆ. ಡಿಷ್ ಇದ್ದರೆ ಮಾಳಿಗೆ ಮೇಲಿನ ಛತ್ರಿಗೂ ಈ ಬಾಕ್ಸೇ ಕರೆಂಟ್ ಕಳಿಸಬೇಕು. ಹಾಗಾಗಿ ಅನೇಕ ಬಾಕ್ಸ್‌ಗಳು ಆರಿಸಿದ ಮೇಲೂ ಓಡುವಾಗಿನಷ್ಟೇ ಕರೆಂಟ್ ಎಳೆಯುತ್ತವೆ. ನಂಬಿಕೆ ಬರದಿದ್ದರೆ ನಾಳೆ ಬೆಳಗ್ಗೆ ಎದ್ದ ಕೂಡಲೇ ಅದರ ಮೇಲೆ ಕೈ ಇಟ್ಟು ನೋಡಿ. ರಾತ್ರಿಯೆಲ್ಲ ಯಾರೂ ಟಿವಿ ನೋಡಿಲ್ಲ, ಆದರೂ ಬೆಚ್ಚಗಿರುತ್ತದೆ. ಆ ಬಿಸಿ ನಿಮ್ಮ ಮೀಟರ್‌ನಿಂದಲೇ ಬಂದದ್ದು, ಅಲ್ವಾ?

ಕೈಯಿಂದ ಮುಟ್ಟಿ ನೋಡುವ ಈ ಪರೀಕ್ಷೆ ಮನೆಯ ಎಲ್ಲ ಸಾಮಾನಿಗೂ ನಡೆಯುತ್ತದೆ. ಕಲ್ಲಿನಂತೆ ಭಾರ ಇರುವ ಹಳೆಯ ಅಡಾಪ್ಟರ್, ಗುಂಯ್ ಅನ್ನುವ ಸ್ಟೆಬಿಲೈಸರ್, ವೈಫೈ ರೌಟರ್, ಇವು ಯಾವಾಗಲೂ ಬೆಚ್ಚಗಿರುತ್ತವೆ. ಹಗುರಾದ ಹೊಸ ಚಾರ್ಜರ್, ಫೋನ್ ಇಲ್ಲದಾಗ, ತಣ್ಣಗಿರುತ್ತದೆ.

ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಮೀಟರ್ ಇದೆ. ಹೆಸ್ಕಾಂ ಮೀಟರ್ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಪಕ್ಕ 3200 ಅಂತಲೋ 1600 ಅಂತಲೋ ಬರೆದಿರುತ್ತದೆ. ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್. 3200 ಇದ್ದರೆ 1125ನ್ನು ಎರಡು ಮಿಟುಕಿನ ನಡುವಿನ ಸೆಕೆಂಡಿನಿಂದ ಭಾಗಿಸಿ. ಆ ಹೊತ್ತಿಗೆ ಮನೆ ಎಷ್ಟು ವಾಟ್ ಎಳೆಯುತ್ತಿದೆ ಅಂತ ಗೊತ್ತಾಗುತ್ತದೆ. 1600 ಇದ್ದರೆ 2250ನ್ನು ಭಾಗಿಸಬೇಕು. ಮೀಟರ್ ಮುಟ್ಟಬೇಕಾಗಿಲ್ಲ, ನೋಡಿದರೆ ಸಾಕು.

ವಿಜಯಪುರದ ನಮ್ಮ ಮನೆಯಲ್ಲಿ ಹೋದ ಬೇಸಿಗೆಯಲ್ಲಿ ಇದನ್ನು ಮಾಡಿದೆ. ಮನೆಯವರೆಲ್ಲ ಮಾಳಿಗೆ ಮೇಲೆ ಮಲಗಿದ್ದರು. ಫ್ಯಾನು, ಲೈಟು, ಫ್ರಿಜ್ ಎಲ್ಲ ಬಂದ್ ಮಾಡಿ, ಮೊಬೈಲ್ ಹಿಡಿದು ಮೀಟರ್ ಮುಂದೆ ಕೂತೆ. ಮನೆಯಲ್ಲಿ ಏನೂ ನಡೆದಿಲ್ಲ, ಆದರೂ 25 ಸೆಕೆಂಡಿಗೊಮ್ಮೆ ಮಿಟುಕು. ನಮ್ಮದು 3200ರ ಮೀಟರ್, ಅಂದರೆ 45 ವಾಟ್! ಸೆಟ್‌ಟಾಪ್ ಬಾಕ್ಸ್ ಬಟನ್ ಬಂದ್ ಮಾಡಿದೆ, 33 ಸೆಕೆಂಡ್ ಆಯಿತು. ದೇವರ ಜಗಲಿಯ ಜೀರೋ ಬಲ್ಬ್ ತೆಗೆದೆ, ಒಮ್ಮೆಲೇ 59 ಸೆಕೆಂಡ್. ರೌಟರ್ ಆರಿಸಿದ ಮೇಲೆ ನೂರು ದಾಟಿತು. ಉಳಿದದ್ದು ಇನ್ವರ್ಟರ್‌ದು. ಚಾರ್ಜರ್ ಕಿತ್ತರೆ ಏನೂ ವ್ಯತ್ಯಾಸ ಕಾಣಲಿಲ್ಲ.

ನನಗೆ ಆಶ್ಚರ್ಯ ಆಗಿದ್ದು ಜೀರೋ ಬಲ್ಬ್‌ದು. ಹೆಸರು ಜೀರೋ, ಆದರೆ ಹಳೆಯ ತಂತಿ ಬಲ್ಬ್ ಎಳೆಯುವುದು 15 ವಾಟ್‌ವರೆಗೆ. ಚಿಕ್ಕಂದಿನಿಂದ ಅದನ್ನು ಲೆಕ್ಕಕ್ಕೇ ತಂದುಕೊಂಡಿರಲಿಲ್ಲ. ಈಗ ಅರ್ಧ ವಾಟ್‌ನ ಎಲ್‌ಇಡಿ ಹಾಕಿದ್ದೇವೆ. ಜಗಲಿ ಮೊದಲಿನಂತೆಯೇ ಬೆಳಗುತ್ತದೆ.

ಈಗ ತಿಂಗಳ ಲೆಕ್ಕ. ನಮ್ಮಲ್ಲಿ ಟಿವಿ ನೋಡುವುದು ದಿನಕ್ಕೆ ಐದು ತಾಸು. ಉಳಿದ 19 ತಾಸು ಬಾಕ್ಸ್ ಬಂದ್ ಇದ್ದರೆ 6 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ. ರಾತ್ರಿ 12 ತಾಸು ಉರಿಯುವ ಬಲ್ಬ್ ಬದಲಿಸಿದ್ದಕ್ಕೆ 5 ಯೂನಿಟ್. ಮಲಗುವ ಹೊತ್ತಿಗೆ ರೌಟರ್ ಆರಿಸಿದ್ದಕ್ಕೆ ಒಂದೂವರೆ ಯೂನಿಟ್ ಮೇಲೆ. ಎಲ್ಲ ಸೇರಿ ಸುಮಾರು 13.

ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ಎಂಬತ್ತು ರೂಪಾಯಿ ಹತ್ತಿರ. ಇಷ್ಟೇನಾ ಅನ್ನಿಸಬಹುದು. ಆದರೆ ಗೃಹಜ್ಯೋತಿ ಇರುವ ಮನೆಯಲ್ಲಿ ಈ 13 ಯೂನಿಟ್ ಬೆಲೆ ಬೇರೆ. 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ 150 ಯೂನಿಟ್ ಇತ್ತು ಅಂದುಕೊಳ್ಳಿ. ಅದರ ಮೇಲೆ ಶೇ 10 ಸೇರಿಸಿ 165ರವರೆಗೆ ಬಿಲ್ ಸೊನ್ನೆ. 178 ಆದರೆ ಮೇಲಿನ 13ಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಮಾತ್ರ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಕೂಲರ್ ಓಡುವ ಏಪ್ರಿಲ್, ಮೇ ತಿಂಗಳಲ್ಲಿ 205ಕ್ಕೆ ಹೋಗುವ ಮನೆ 192ಕ್ಕೆ ನಿಂತರೆ ಸಾವಿರ ರೂಪಾಯಿ ಹತ್ತಿರ ಉಳಿಯುತ್ತದೆ. ನಿಮಗೆ ಬೇಸಿಗೆಯಲ್ಲಿ ಮಾತ್ರ ಬಿಲ್ ಬರುವುದು ಇದೇ ಅಂಚಿನ ತೊಂದರೆ ಇರಬಹುದು. ಹಳೆಯ ಬಿಲ್‌ಗಳನ್ನು ತೆಗೆದು ಯೂನಿಟ್ ನೋಡಿ.

ದುಡ್ಡಿನ ಆಚೆಗೂ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳನ್ನು ಬಿಟ್ಟು ಬಂದವರಿಗಾಗಿ ಕಟ್ಟಿದ್ದು ನಿಮ್ಮ ನವನಗರ. ಆ ಅಣೆಕಟ್ಟಿನಲ್ಲಿ 290 ಮೆಗಾವಾಟ್ ವಿದ್ಯುತ್ ಘಟಕ ಇದೆ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್ ಸ್ಥಾವರ ಇದೆ, ಅಲ್ಲಿ ಉರಿಯುವುದು ದೂರದಿಂದ ರೈಲಿನಲ್ಲಿ ಬರುವ ಕಲ್ಲಿದ್ದಲು. ಒಂದು ಯೂನಿಟ್‌ಗೆ ಅರ್ಧ ಕಿಲೋ ಮೇಲೆಯೇ ಬೇಕು. ಕರೆಂಟ್ ಎಲ್ಲಿಂದ ಬರುತ್ತದೆ, ಅದಕ್ಕೆ ಏನೇನು ಕೊಡಬೇಕಾಗುತ್ತದೆ ಅಂತ ನಮ್ಮ ಎರಡು ಜಿಲ್ಲೆಯವರು ಕಣ್ಣಾರೆ ಕಂಡಿದ್ದೇವೆ. ಯಾರೂ ನೋಡದ ಬಾಕ್ಸ್ ಬೆಚ್ಚಗಿಡುವುದಕ್ಕೆ ಅದನ್ನು ಸುಡುವುದು ನನಗೆ ಸಂಕಟ.

ಹಾಗಂತ ಎಲ್ಲವನ್ನೂ ಆರಿಸಲು ಹೋಗಬೇಡಿ. ರಾತ್ರಿ ಫ್ರಿಜ್ ಬಂದ್ ಮಾಡುವವರು ಇದ್ದಾರೆ. ಬೆಳಗ್ಗೆ ಅದು ಮತ್ತೆ ತಣ್ಣಗಾಗಲು ಜಾಸ್ತಿ ಹೊತ್ತು ಓಡುತ್ತದೆ, ಉಳಿತಾಯ ಅಷ್ಟಕ್ಕಷ್ಟೇ. ನಮ್ಮ ಬಿಸಿಲಿಗೆ ಹಾಲು, ಮೊಸರು ಕೆಡುತ್ತವೆ. ಇನ್ವರ್ಟರ್ ಕೂಡ ಚಾಲೂ ಇರಲಿ. ಚಾರ್ಜ್ ಇಲ್ಲದೆ ಬಿಟ್ಟರೆ ಬ್ಯಾಟರಿ ಬೇಗ ಹಾಳಾಗುತ್ತದೆ. ಅದರ ನೀರು ಮಾತ್ರ ಆಗಾಗ ನೋಡುತ್ತಿರಿ. ಎಸಿ ಇದ್ದು ಮಳೆಗಾಲದಲ್ಲಿ ಬಳಸದಿದ್ದರೆ ಅದರ ಎಂಸಿಬಿ ಇಳಿಸಿಬಿಡಿ, ಸ್ಟೆಬಿಲೈಸರ್ ಸುಮ್ನೆ ಉರಿಯುವುದು ತಪ್ಪುತ್ತದೆ.

ಇನ್ನೊಂದನ್ನು ಮರೆಯಬಾರದು. ಯಾರೂ ಇಲ್ಲದ ಕೋಣೆಯಲ್ಲಿ 75 ವಾಟ್‌ನ ಹಳೆಯ ಫ್ಯಾನ್ ದಿನಕ್ಕೆ ನಾಲ್ಕು ತಾಸು ತಿರುಗಿದರೆ ತಿಂಗಳಿಗೆ 9 ಯೂನಿಟ್. ಸೆಟ್‌ಟಾಪ್ ಬಾಕ್ಸ್‌ಗಿಂತ ಜಾಸ್ತಿ. ಅತ್ತೆಯವರಿಗೆ ಇದನ್ನೂ ಹೇಳಿ. ಚಾರ್ಜರ್ ಬದಲು ಫ್ಯಾನಿನ ಮೇಲೆ ಅವರ ಕಣ್ಣು ಬಿದ್ದರೆ ಮನೆಗೆ ಬಹಳ ಲಾಭ.

ಬಟನ್ ಯಾಕೆ ಬಂದ್ ಮಾಡುವುದಿಲ್ಲ ಅಂತ ಕೇಳಿದರೆ ಬಹಳ ಮನೆಗಳಲ್ಲಿ ಉತ್ತರ ಒಂದೇ: ಅದು ಟಿವಿ ಹಿಂದೆ ಇದೆ, ಕೈ ಹೋಗುವುದಿಲ್ಲ. ಬಟನ್ ಇರುವ ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸ್ ತಂದು ಟಿವಿ, ಸೆಟ್‌ಟಾಪ್ ಎರಡನ್ನೂ ಅದಕ್ಕೆ ಸಿಕ್ಕಿಸಿ, ಕೈಗೆ ಎಟುಕುವ ಕಡೆ ಇಡಿ. ಬೆಳಗ್ಗೆ ಚಾನೆಲ್ ಬರಲು ಒಂದೆರಡು ನಿಮಿಷ ಹಿಡಿಯಬಹುದು. ಚಹಾ ಸೋಸುವಷ್ಟರಲ್ಲಿ ಬಂದಿರುತ್ತದೆ.

ಇವತ್ತು ರಾತ್ರಿಯೇ ಮೀಟರ್ ಮುಂದೆ ನಿಂತು ಎಣಿಸಿ, ಅತ್ತೆಯವರನ್ನೂ ಕರೆದುಕೊಳ್ಳಿ. ಎಣಿಸಿ ಮುಗಿದ ಮೇಲೆ ಫ್ರಿಜ್ ಬಟನ್ ಮತ್ತೆ ಹಾಕುವುದನ್ನು ಮಾತ್ರ ಮರೆಯಬೇಡಿ.