ಪ್ರಾರ್ಥನೆಗೆ ಮುಂಚೆ ತಕ್ಕಡಿ

ವರ್ಷಕ್ಕೆ ಮೂರ್ನಾಲ್ಕು ಮಂದಿಯಾದರೂ ನನ್ನ ಹತ್ತಿರ ಇದೇ ಮಾತು ತೆಗೆದುಕೊಂಡು ಬರುತ್ತಾರೆ. "ಅಯ್ಯನವರೇ, ಈ ಕೆಲಸ ಬಿಟ್ಟು ದೇವರ ಕೆಲಸಕ್ಕೆ ಬರೋಣ ಅಂತಿದ್ದೀನಿ." ಹೇಳುವಾಗ ಮುಖ ಬೆಳಗುತ್ತಿರುತ್ತದೆ. ಅದಕ್ಕೆ ನೀರು ಸುರಿಯಲು ನನಗೂ ಮನಸ್ಸಿಲ್ಲ. ಆದರೂ ಕೇಳಿಬಿಡುತ್ತೇನೆ: "ಇಷ್ಟು ದಿನ ಮಾಡಿದ್ದು ಯಾರ ಕೆಲಸ?"

ಉತ್ತರ ಹೆಚ್ಚುಕಡಿಮೆ ಒಂದೇ. "ಅದು ಹೊಟ್ಟೆಪಾಡು, ಅಯ್ಯನವರೇ."

ಈ ಉತ್ತರ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಭಾಪಾಲಕನಿಗೆ ಸಿಟ್ಟು ಬರಬಾರದು ಅನ್ನುತ್ತಾರೆ. ಬರುತ್ತದೆ, ಏನು ಮಾಡೋಣ.

ನಮ್ಮ ಸಭೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಹುಡುಗನೊಬ್ಬ ಇದ್ದಾನೆ. ಒಳ್ಳೆಯ ಹುಡುಗ, ಹಾಡಲೂ ಬರುತ್ತದೆ. ಅವನೂ ಸೇವೆಗೆ ಬರುತ್ತೇನೆ ಅಂದವನೇ. ಫೆಬ್ರುವರಿ, ಮಾರ್ಚ್ ಬಂತೆಂದರೆ ಅವನಿಗೆ ಊಟಕ್ಕೂ ಪುರುಸೊತ್ತಿರಬಾರದು. ಹೂ ಅರಳಿಸುವ ಹೂಮಳೆ ಬರದಿದ್ದರೆ ರೊಬಸ್ಟಾ ಕಾಫಿ ತೋಟದವರೆಲ್ಲ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾಕುತ್ತಾರೆ. ಹಗಲೂ ರಾತ್ರಿ ಓಡಿ ಓಡಿ ಮೋಟಾರ್ ಸುಡುತ್ತದೆ. ಅರ್ಧ ತೋಟಕ್ಕೆ ನೀರು ಬಿದ್ದು ಇನ್ನರ್ಧ ಕಾಯುತ್ತಿರುತ್ತದೆ. ಮೊಗ್ಗಿಗೆ ನೀರು ಸಾಲದಿದ್ದರೆ ಹೂ ಸರಿಯಾಗಿ ಅರಳದೆ ಹಾಗೇ ಒಣಗುತ್ತದೆ. ಅಲ್ಲಿಗೆ ಮುಂದಿನ ವರ್ಷದ ಫಸಲು ಹೋಯಿತು. ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಂಥ ಹೊತ್ತಿನಲ್ಲಿ ಒಬ್ಬ ಕೊಡವ ಸಾಹುಕಾರರ ಮೋಟಾರನ್ನು ಇವನು ಎರಡು ದಿನದಲ್ಲಿ ಕಟ್ಟಿ ಕೊಟ್ಟ. ನಾಲ್ಕನೇ ದಿನಕ್ಕೆ ಅದು ಮತ್ತೆ ಸುಟ್ಟಿತು. ಅಷ್ಟರಲ್ಲಿ ಇವನು ಮೂರು ದಿನದ ಉಪವಾಸ ಕೂಟಕ್ಕೆ ಹೋಗಿದ್ದ. ಫೋನ್ ಆಫ್. ಸಾಹುಕಾರರು ಜೀಪಿನಲ್ಲಿ ಸೀದಾ ನಮ್ಮ ಮನೆಗೆ ಬಂದರು. "ಪಾಸ್ಟರೇ, ನಿಮ್ಮ ಹುಡುಗ ಪ್ರಾರ್ಥನೆ ಚೆನ್ನಾಗಿ ಮಾಡ್ತಾನಂತೆ. ನನ್ನ ಮೋಟಾರಿಗೂ ಸ್ವಲ್ಪ ಮಾಡೋಕೆ ಹೇಳಿ" ಅಂದರು. ಅವರಿಗೆ ಕಾಫಿ ಕೊಟ್ಟೆ. ಬೇರೇನು ಕೊಡಲಿ?

ಹುಡುಗ ವಾಪಸ್ ಬಂದ ಮೇಲೆ ಅವನ ಅಂಗಡಿಯಲ್ಲಿ ಹೋಗಿ ಕೂತೆ. ಏನಾಗಿತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಅದೂ ಇದೂ ಹೇಳಿ ಕೊನೆಗೆ ಒಪ್ಪಿಕೊಂಡ. ತಾಮ್ರದ ತಂತಿ ಸುತ್ತಿದ ಮೇಲೆ ಕಾಯಿಲ್‌ಗೆ ವಾರ್ನಿಶ್ ಕುಡಿಸಬೇಕು. ಆಮೇಲೆ ಒಳಗೆ ಬಲ್ಬ್ ಉರಿಸಿಟ್ಟು ಚೆನ್ನಾಗಿ ಒಣಗಿಸಬೇಕು. ಕೆರೆ ಪಕ್ಕದ ತೇವದಲ್ಲಿ ಆ ವಾರ್ನಿಶ್ಶೇ ಮೋಟಾರಿನ ಜೀವ. ಕೂಟಕ್ಕೆ ಹೊರಡುವ ಅವಸರದಲ್ಲಿ ಅವನು ಒಂದು ರಾತ್ರಿ ಒಣಗಿಸಿರಲಿಲ್ಲ. ಕವರ್ ಮುಚ್ಚಿ ಬೋಲ್ಟ್ ಬಿಗಿದರೆ ಹೊರಗಿನವರಿಗೆ ಏನೂ ಕಾಣುವುದಿಲ್ಲ, ಅಲ್ವಾ.

ನಾನು ಇಷ್ಟು ವರ್ಷ ಹೇಳುತ್ತಾ ಬಂದ ವಿಷಯ ಆ ಕವರ್ ಒಳಗೇ ಇತ್ತು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಯಾವ ಕೆಲಸ ಮಾಡಿದರೂ ಮನುಷ್ಯರಿಗೋಸ್ಕರ ಅನ್ನದೆ ಕರ್ತನಿಗೋಸ್ಕರ ಅಂತ ಮನಸ್ಸಿಟ್ಟು ಮಾಡಿ ಅಂತ ಅಪೊಸ್ತಲ ಪೌಲ ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದ, ಆ ಪತ್ರ ಸತ್ಯವೇದದಲ್ಲಿದೆ. ನಮ್ಮವರು ಇದನ್ನು ಕೇಳಿಸಿಕೊಳ್ಳುವ ರೀತಿಯೇ ಬೇರೆ. ಕೆಲಸದ ಮಧ್ಯೆ ಹಾಡು ಹೇಳಬೇಕು, ಅಂಗಡಿಗೆ ವಾಕ್ಯದ ಬೋರ್ಡ್ ಹಾಕಬೇಕು, ಗಿರಾಕಿಗೆ ಕರಪತ್ರ ಕೊಡಬೇಕು, ದುಡಿದದ್ದರಲ್ಲಿ ದಶಮಾಂಶ ಕೊಡಬೇಕು. ಇವೆಲ್ಲ ಕೆಲಸದ ಪಕ್ಕ ಇಡುವ ವಸ್ತುಗಳು. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಪೌಲ ಹೇಳಿದ್ದು ಕೆಲಸದ ಬಗ್ಗೆಯೇ. ಹಿಂದಿನ ವಾಕ್ಯ ನೋಡಿ. ಯಜಮಾನ ನೋಡುವಾಗ ಮಾತ್ರ ಕೆಲಸ ಮಾಡುವವರಂತೆ ಇರಬೇಡಿ ಅಂತಿದೆ. ಅಂದರೆ ಯಾರೂ ನೋಡದ ಭಾಗದ ಮಾತು ಅದು. ವೈಂಡಿಂಗ್ ಮಾಡುವವನಿಗೆ ವಾರ್ನಿಶ್. ನರ್ಸ್‌ಗೆ ರಾತ್ರಿ ಎರಡು ಗಂಟೆಯ ಡ್ರಿಪ್. ಟೀಚರಿಗೆ ಹಿಂದಿನ ಬೆಂಚಿನ ಹುಡುಗನ ನೋಟ್ಸ್. ವಾರ್ನಿಶ್ ಒಣಗಿಸುವಾಗ ಅವನು ಸುಮ್ನೆ ಇದ್ದರೂ ಸಾಕಿತ್ತು. ಒಣಗಿಸಿದ್ದರೆ ಅದೇ ಆರಾಧನೆ. "ಅಂದ್ರೆ ಪ್ರಾರ್ಥನೆ ಬೇಡವಾ?" ಅಂತ ತಕ್ಷಣ ಕೇಳುತ್ತಾರೆ. ನಾನು ಹಾಗೆ ಹೇಳಿದೆನಾ?

ಈ ಗೊಂದಲದ ಬೇರು ಇನ್ನೂ ಹಿಂದೆ ಇದೆ. ಕೆಲಸ ಅನ್ನುವುದೇ ಶಾಪ ಅಂತ ಬಹಳ ಜನ ನಂಬಿದ್ದಾರೆ. ಆದಾಮ ತಪ್ಪು ಮಾಡಿದ, ಅದಕ್ಕೆ ನಾವು ದುಡಿಯುತ್ತಿದ್ದೇವೆ ಅನ್ನುವ ಲೆಕ್ಕ. ಆದಿಕಾಂಡ ಬಿಚ್ಚಿ ನೋಡಿ. ಏದೆನ್ ಒಂದು ತೋಟ. ಅದನ್ನು ನೋಡಿಕೊಳ್ಳಲು, ಕಾಯಲು ದೇವರು ಮನುಷ್ಯನನ್ನು ಅಲ್ಲಿ ಇಟ್ಟದ್ದು ಎರಡನೇ ಅಧ್ಯಾಯದಲ್ಲಿ. ತಪ್ಪು, ಶಾಪ, ಮುಳ್ಳು, ಬೆವರು ಎಲ್ಲ ಬರುವುದು ಮೂರನೇ ಅಧ್ಯಾಯದಲ್ಲಿ. ತೋಟದ ಕೆಲಸ ಮೊದಲು ಬಂತು, ಲಂಟಾನ ಆಮೇಲೆ ಬಂತು. ಕಳೆ ಕೊಚ್ಚುವ ಕಷ್ಟಕ್ಕೂ ಗಿಡ ನೋಡಿಕೊಳ್ಳುವ ಖುಷಿಗೂ ಇರುವ ವ್ಯತ್ಯಾಸ ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ?

ಯೇಸು ಬಡಗಿಯಾಗಿದ್ದ, ಪೌಲ ಕೊರಿಂಥದಲ್ಲಿ ಡೇರೆ ಹೊಲಿದು ಬದುಕಿದ ಅನ್ನುವುದು ಎಲ್ಲ ಪ್ರಸಂಗದಲ್ಲೂ ಬರುತ್ತದೆ, ಅದನ್ನು ಬಿಡುತ್ತೇನೆ. ಮಾರ್ಟಿನ್ ಲೂಥರ್ ವಿಷಯ ಮಾತ್ರ ಹೇಳಬೇಕು. ಆತ ಜರ್ಮನಿಯ ಕ್ರೈಸ್ತ ಧರ್ಮಸುಧಾರಕ, ಸ್ವತಃ ಸನ್ಯಾಸಿಯಾಗಿದ್ದವನು. ದೇವರ ಕರೆ ಮಠದವರಿಗೆ ಮಾತ್ರ ಅಂತ ಜನ ಅಂದುಕೊಂಡಿದ್ದ ಕಾಲ ಅದು. ರೈತನಿಗೂ ಚಮ್ಮಾರನಿಗೂ ಮಗು ನೋಡುವ ತಾಯಿಗೂ ಕರೆ ಇದೆ ಅಂದ. 'ಬೆರೂಫ್' ಅನ್ನುವ ಜರ್ಮನ್ ಪದಕ್ಕೆ ಇವತ್ತು ಉದ್ಯೋಗ ಅಂತಲೇ ಅರ್ಥ. ಅದರ ಬೇರು 'ಕರೆಯುವುದು' ಅನ್ನುವ ಪದದಲ್ಲಿದೆ. ಅದೇ ಜರ್ಮನ್ ಭಾಷೆ ಆಡುವ ಮಿಷನರಿಗಳು ನಮ್ಮ ಕಡೆ ಬಂದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ನೇಯ್ಗೆ ಶುರು ಮಾಡಿತು. 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ದೀಕ್ಷಾಸ್ನಾನ ಪಡೆದವನನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಅವನಿಗೆ ಅನ್ನ ಬೇಕಲ್ಲ. ಮಿಷನರಿ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದ ಮೇಲೆ ಅಮ್ಮತ್ತಿ ಕಡೆಯ ಆನಂದಪುರದಲ್ಲೂ ಸಭೆ ಮತ್ತು ತೋಟ ಒಟ್ಟಿಗೇ ಬೆಳೆದವು. ಅಲ್ಲಿ ಓಡಾಡಿದಾಗಲೆಲ್ಲ ನನಗೆ ಅನ್ನಿಸುವುದುಂಟು, ಆ ಕಾಲದವರಿಗೆ ಅರ್ಥವಾದದ್ದು ನಮಗೆ ಯಾಕೆ ಆಗುತ್ತಿಲ್ಲ ಅಂತ.

ಹಾಗಂತ ಯಾರೂ ಕೆಲಸ ಬಿಟ್ಟು ಸೇವೆಗೆ ಬರಬಾರದು ಅಂತ ಅಲ್ಲ. ನಾನೇ ಬಿಟ್ಟು ಬಂದವನು. ಒಬ್ಬೊಬ್ಬರ ಪರಿಸ್ಥಿತಿ ಬೇರೆ ಬೇರೆ. ಸಾಲ ಎಷ್ಟಿದೆ, ಮನೆಯಲ್ಲಿ ಯಾರಿದ್ದಾರೆ, ಈಗಿನ ಕೆಲಸದಲ್ಲಿ ಮೋಸ ಮಾಡದೆ ಬದುಕಲು ಆಗುತ್ತದಾ, ಇದನ್ನೆಲ್ಲ ಕೂತು ಮಾತಾಡಬೇಕು. ಅಂಕಣ ಓದಿ ತೀರ್ಮಾನ ಮಾಡಬೇಡಿ. ಮೈ ಹುಷಾರಿಲ್ಲದವರಿಗೆ, ಕೆಲಸವೇ ಸಿಗದವರಿಗೆ "ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು" ಅನ್ನುವ ವಾಕ್ಯ ಓದಿ ಹೇಳುವವರನ್ನೂ ಕಂಡಿದ್ದೇನೆ. 'ಒಲ್ಲದವನು' ಅಂತಿದೆ ಸ್ವಾಮಿ, 'ಆಗದವನು' ಅಂತಿಲ್ಲ.

ಇನ್ನು ತೋಟದ ಯಜಮಾನರ ಸರದಿ. ನಮ್ಮಲ್ಲೂ ಕ್ರೈಸ್ತ ಬೆಳೆಗಾರರಿದ್ದಾರೆ. ಒಬ್ಬರ ತೋಟದ ಆಫೀಸಿನಲ್ಲಿ ಕೊಲೊಸ್ಸೆಯ ಅದೇ ವಾಕ್ಯ ದೊಡ್ಡ ಅಕ್ಷರದ ಕ್ಯಾಲೆಂಡರಿನಲ್ಲಿ ತೂಗುತ್ತಿತ್ತು. ಯಾರಿಗೆ ಕಾಣಲಿ ಅಂತ? ಸಂಬಳಕ್ಕೆ ಸಾಲು ನಿಲ್ಲುವವರ ಎದುರಿಗೇ ಇತ್ತು. ಅದು ಮೂರನೇ ಅಧ್ಯಾಯ, 23ನೇ ವಾಕ್ಯ. ಎರಡು ವಾಕ್ಯ ದಾಟಿದರೆ ಅಧ್ಯಾಯ ಮುಗಿಯುತ್ತದೆ. ನಾಲ್ಕನೇ ಅಧ್ಯಾಯದ ಮೊದಲ ವಾಕ್ಯವೇ ಯಜಮಾನರಿಗೆ. ಆಳುಗಳಿಗೆ ನ್ಯಾಯವಾದದ್ದನ್ನು, ಸರಿಸಮವಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಅಂತಿದೆ. ಪೌಲ ಪತ್ರ ಬರೆದಾಗ ಅಧ್ಯಾಯ ಅಂತ ಇರಲೇ ಇಲ್ಲ. ಆ ವಿಂಗಡಣೆ 13ನೇ ಶತಮಾನದ್ದು. ಆ ಗೆರೆಯ ಈಚೆಗೇ ಓದು ನಿಲ್ಲಿಸುವವರು ಜಾಸ್ತಿ. ನಾಲ್ಕನೇ ಅಧ್ಯಾಯದ ಕ್ಯಾಲೆಂಡರನ್ನು ನಾನು ಈವರೆಗೆ ಯಾವ ತೋಟದ ಆಫೀಸಿನಲ್ಲೂ ಕಂಡಿಲ್ಲ.

ಬೇರೆಯವರನ್ನು ಬೈದದ್ದು ಸಾಕು. ಸಭಾಪಾಲಕನಾಗುವ ಮುಂಚೆ ನಾನು ಆರು ವರ್ಷ ಒಂದು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ. ಕಾಫಿ ಕೊಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ. ಸಂಜೆ ಹಲಸಿನ ಮರದ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ ತೂಗು ಹಾಕಿ ಒಂದೊಂದೇ ಚೀಲ ತೂಗುತ್ತಿದ್ದೆ. ಗೋಣಿಚೀಲದ ತೂಕ ಕಳೆಯುವುದು ರೂಢಿ. ಖಾಲಿ ಚೀಲ ಹೆಚ್ಚೆಂದರೆ ಒಂದು ಕೆಜಿ. ನಾನು ಎರಡು ಕಳೆಯುತ್ತಿದ್ದೆ. ಮುಳ್ಳು ನಲವತ್ತೊಂದೂವರೆ ತೋರಿಸಿದರೆ ಮೊದಲು ಅರ್ಧ ಬಿಡುತ್ತಿದ್ದೆ, ಆಮೇಲೆ ಚೀಲದ ಎರಡು. ಪುಸ್ತಕದಲ್ಲಿ ಮೂವತ್ತೊಂಬತ್ತು. ಯಾರೂ ಹಾಗೆ ಮಾಡು ಅಂತ ಬಾಯಿಬಿಟ್ಟು ಹೇಳಿರಲಿಲ್ಲ. ಹಿಂದಿನ ರೈಟರ್ ಮಾಡುತ್ತಿದ್ದರು, ನಾನೂ ಮಾಡಿದೆ. ಒಬ್ಬೊಬ್ಬರಿಗೆ ದಿನಕ್ಕೆ ಮೂರು ಚೀಲ, ನಲವತ್ತು ಜನ. ಚೀಲದಲ್ಲೇ ದಿನಕ್ಕೆ 120 ಕೆಜಿ ಕೂಲಿ ಹೋಯಿತು.

ತೂಕ ಮುಗಿಸಿ, ಮುಖ ತೊಳೆದು, ಸತ್ಯವೇದ ಹಿಡಿದು ಅದೇ ಕೂಲಿಯವರ ಲೈನ್ ಮನೆಗಳಲ್ಲಿ ಪ್ರಾರ್ಥನೆ ನಡೆಸಲು ಹೋಗುತ್ತಿದ್ದೆ. ನನ್ನ ಲೆಕ್ಕದಲ್ಲಿ ಅದು ದೇವರ ಕೆಲಸ. ತಕ್ಕಡಿ ಹೊಟ್ಟೆಪಾಡು.

ಚೀಲದಲ್ಲಿ ಹೆಚ್ಚು, ಕಡಿಮೆ ಅಂತ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬೇಡ ಅಂತ ಧರ್ಮೋಪದೇಶಕಾಂಡದಲ್ಲಿದೆ. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮುಂಚೆ ಕೊಡು ಅಂತ ಅದರ ಹಿಂದಿನ ಅಧ್ಯಾಯದಲ್ಲಿದೆ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಅಂತ ಯಾಕೋಬ ಬರೆದ. ಇವನ್ನೆಲ್ಲ ನಾನು ಆಗಲೇ ಓದಿದ್ದೆ. ಕೆಲವನ್ನು ಬಾಯಿಪಾಠ ಮಾಡಿದ್ದೆ.

ಬಹಳ ವರ್ಷದ ಮೇಲೆ, ಆ ತೋಟದಲ್ಲಿದ್ದ ಪಿರಿಯಾಪಟ್ಟಣ ಕಡೆಯ ಒಬ್ಬ ಅಕ್ಕ ಮಗಳ ಮದುವೆಗೆ ಕರೆಯಲು ಬಂದರು. ಹಳೇ ಮಾತು ಬಂತು. ನಾನು ಧೈರ್ಯ ಮಾಡಿ ತಕ್ಕಡಿ ವಿಷಯ ಹೇಳಿಕೊಂಡೆ. ಅವರು ಎಲೆ ಅಡಿಕೆ ಮಡಿಚುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

"ಗೊತ್ತಿತ್ತು ಬಿಡಿ, ರೈಟ್ರೇ. ನೀವು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಿದ್ರಲ್ಲ, ಆಗ ನಾವು ಬೆರಳು ಮಡಚಿ ಅದನ್ನೇ ಲೆಕ್ಕ ಹಾಕ್ತಿದ್ವಿ."

ಅಯ್ಯನವರೇ ಅನ್ನಲಿಲ್ಲ ಅವರು. ಮದುವೆಗೆ ಹೋಗಿದ್ದೆ. ನನ್ನ ಕೈಲಾದಷ್ಟು ಕೊಟ್ಟೆ. ಅದು ಆ ಕೆಜಿಗಳ ಲೆಕ್ಕಕ್ಕೆ ಸಮವಾಯಿತು ಅಂತ ನಾನು ಅಂದುಕೊಂಡಿಲ್ಲ.

ಮೋಟಾರ್ ಹುಡುಗ ಇನ್ನೂ ಅಂಗಡಿಯಲ್ಲೇ ಇದ್ದಾನೆ. ಸುಟ್ಟ ಮೋಟಾರನ್ನು ತನ್ನದೇ ಖರ್ಚಿನಲ್ಲಿ ಮತ್ತೆ ಕಟ್ಟಿಕೊಟ್ಟ. ಸಾಹುಕಾರರು ಬೈದರಂತೆ, ಆದರೆ ಈ ವರ್ಷವೂ ಅವನ ಹತ್ತಿರವೇ ಕಳಿಸಿದ್ದಾರೆ. ಸೇವೆಗೆ ಬರುವ ಮಾತನ್ನು ಅವನು ಪೂರ್ತಿ ಬಿಟ್ಟಿಲ್ಲ. ನಾನೂ ಬಿಡು ಅಂದಿಲ್ಲ.

ಡಿಸೆಂಬರಿನಲ್ಲಿ ರೊಬಸ್ಟಾ ಕೊಯ್ಲು ಶುರುವಾಗುವಾಗ ಕೆಲವು ತೋಟದವರು ಪ್ರಾರ್ಥನೆಗೆ ಕರೆಯುತ್ತಾರೆ. ಹೋಗುತ್ತೇನೆ. ಸ್ಕೂಟರಿನ ಡಿಕ್ಕಿಯಲ್ಲಿ ಹತ್ತು ಕೆಜಿಯ ಒಂದು ತೂಕದ ಕಲ್ಲು ಇಟ್ಟುಕೊಂಡಿದ್ದೇನೆ. ಮೊದಲು ಅದನ್ನು ಅವರ ತಕ್ಕಡಿಗೆ ಹಾಕಿ ನೋಡುತ್ತೇನೆ. ಆಮೇಲೆ ಒಂದು ಖಾಲಿ ಗೋಣಿಚೀಲ. ಒಬ್ಬರು ಈಗ ನನ್ನನ್ನು ಕರೆಯುವುದನ್ನು ನಿಲ್ಲಿಸಿದ್ದಾರೆ. ಇನ್ನೊಬ್ಬರು ಹೋದ ವರ್ಷ ಹೊಸ ಡಿಜಿಟಲ್ ತಕ್ಕಡಿ ತಂದಿದ್ದರು. ಕಲ್ಲು ಇಟ್ಟೆ. 9.8 ತೋರಿಸಿತು. "ಬ್ಯಾಟರಿ ಇರಬೇಕು ಅಯ್ಯನವರೇ" ಅಂದರು. ಬ್ಯಾಟರಿ ತರುವ ತನಕ ಕಣದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ.