ಉಚ್ಚಾಟನೆಗೆ ಮುಂಚೆಯೇ ಬಂದ ರಾಜೀನಾಮೆ

1951ರ ಸೆಪ್ಟೆಂಬರ್ 24. ಒಬ್ಬ ಸದಸ್ಯರನ್ನು ಹೊರಹಾಕಬೇಕು ಎನ್ನುವ ನಿರ್ಣಯ ಸಂಸತ್ತಿನ ಮುಂದೆ ಬಂದಿತ್ತು. ಮಂಡಿಸಿದವರು ಪ್ರಧಾನಿ ನೆಹರೂ. ಹೊರಹೋಗಬೇಕಾಗಿದ್ದವರು ಅವರದೇ ಪಕ್ಷದ ಎಚ್.ಜಿ. ಮುದಗಲ್. ಮೊದಲ ಮಹಾಚುನಾವಣೆ ಇನ್ನೂ ಮುಗಿದಿರಲಿಲ್ಲ, ಆಗ ಇದ್ದದ್ದು ತಾತ್ಕಾಲಿಕ ಸಂಸತ್ತು. ಚರ್ಚೆಯಲ್ಲಿ ಮುದಗಲ್ ತಮ್ಮ ಪರವಾಗಿ ತಾವೇ ಮಾತಾಡಿದರು. ಮಾತು ಮುಗಿಸಿ, ರಾಜೀನಾಮೆ ಪತ್ರ ಕೊಟ್ಟು ಹೊರನಡೆದರು.

ಮುದಗಲ್ ಅಂದರೆ ರಾಯಚೂರು ಜಿಲ್ಲೆಯ ಕೋಟೆ ಊರು ನೆನಪಾಗುತ್ತದೆ. ಆದರೆ ಇವರು ಮುಂಬೈಯನ್ನು ಪ್ರತಿನಿಧಿಸುತ್ತಿದ್ದವರು. ಆರೋಪವೂ ಅಲ್ಲಿಯದೇ. ಚಿನ್ನ ಬೆಳ್ಳಿ ವ್ಯಾಪಾರಿಗಳ ಸಂಘವೊಂದರಿಂದ ಹಣ ಪಡೆದು ಅವರ ಪರವಾಗಿ ಸದನದಲ್ಲಿ ಪ್ರಶ್ನೆ ಕೇಳಿದರು, ವಾಯಿದಾ ವ್ಯಾಪಾರದ (ಮುಂದೆ ಕೊಡುವ ಸರಕಿಗೆ ಇಂದೇ ದರ ಗೊತ್ತುಮಾಡುವ ವ್ಯಾಪಾರ) ಮಸೂದೆಗೆ ತಿದ್ದುಪಡಿ ಸೂಚಿಸಿದರು, ಮಂತ್ರಿಗಳ ಭೇಟಿ ಮಾಡಿಸಿಕೊಟ್ಟರು ಎಂಬುದು ದೂರು. ಜೂನ್ 8ರಂದು ನೆಹರೂ ತನಿಖಾ ಸಮಿತಿ ಕೇಳಿದರು. ಟಿ.ಟಿ. ಕೃಷ್ಣಮಾಚಾರಿ ಅದರ ಅಧ್ಯಕ್ಷರಾದರು. ಸಮಿತಿಗೆ ಆರೋಪ ನಿಜ ಅನ್ನಿಸಿತು. ಜೂನ್‌ನಲ್ಲಿ ದೂರು, ಸೆಪ್ಟೆಂಬರ್‌ನಲ್ಲಿ ತೀರ್ಮಾನ. ಈಗಿನ ವೇಗ ನೋಡಿದವರಿಗೆ ಇದು ನಂಬೋಕೆ ಕಷ್ಟ.

ಆಗಿನ ಸಂವಿಧಾನದ ಪ್ರಕಾರ ರಾಜೀನಾಮೆಯನ್ನು ಯಾರೂ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಸಭಾಧ್ಯಕ್ಷರಿಗೆ ಪತ್ರ ಬರೆದು ಕೊಟ್ಟರೆ ಸಾಕು, ಸ್ಥಾನ ಖಾಲಿ. ಸದಸ್ಯರೇ ಅಲ್ಲದವರನ್ನು ಉಚ್ಚಾಟಿಸುವುದು ಹೇಗೆ? ಸದನ ಸುಮ್ನೆ ಬಿಡಲಿಲ್ಲ. ನಿರ್ಣಯದ ಮಾತುಗಳನ್ನೇ ಬದಲಿಸಿತು. ಇವರು ಉಚ್ಚಾಟನೆಗೆ ಅರ್ಹರಾಗಿದ್ದರು, ರಾಜೀನಾಮೆ ಪತ್ರದಲ್ಲಿ ಬರೆದ ರೀತಿಯೇ ಸದನಕ್ಕೆ ಮಾಡಿದ ಅವಮಾನ, ಅದರಿಂದ ತಪ್ಪು ಇನ್ನೂ ದೊಡ್ಡದಾಯಿತು ಎಂದು ಬರೆದು ಅಂಗೀಕರಿಸಿತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಮುಖ್ಯವಾದದ್ದು ಇದೇ. ಹೋದವರು ಹೋದರು ಎಂದು ಕಡತ ಮುಚ್ಚುವುದು ಸುಲಭವಿತ್ತು, ಮುಚ್ಚಲಿಲ್ಲ.

ರಾಜೀನಾಮೆಯ ನಿಯಮ ಬದಲಾದದ್ದು 1974ರಲ್ಲಿ. ಆದರೆ ಕಾರಣ ಭ್ರಷ್ಟರು ತಪ್ಪಿಸಿಕೊಳ್ಳುತ್ತಾರೆ ಅನ್ನುವುದಲ್ಲ, ಅದರ ಉಲ್ಟಾ. ಗುಜರಾತಿನಲ್ಲಿ ಭ್ರಷ್ಟಾಚಾರದ ವಿರುದ್ಧ ವಿದ್ಯಾರ್ಥಿಗಳು ನಡೆಸಿದ ನವನಿರ್ಮಾಣ ಚಳವಳಿಯಲ್ಲಿ ಶಾಸಕರ ಮೇಲೆ ಒತ್ತಡ ಹಾಕಿ ರಾಜೀನಾಮೆ ಬರೆಸಿಕೊಳ್ಳಲಾಗಿತ್ತು. ಅದರ ಬೆನ್ನಲ್ಲೇ ಸಂವಿಧಾನದ 33ನೇ ತಿದ್ದುಪಡಿ ಬಂತು. ರಾಜ್ಯಗಳ ಶಾಸಕರಿಗೆ ಅನ್ವಯಿಸುವುದು 190ನೇ ವಿಧಿ. ರಾಜೀನಾಮೆ ಸ್ವಂತ ಇಚ್ಛೆಯಿಂದ ಬಂದದ್ದೇ, ಅಸಲಿಯೇ ಎಂದು ಸಭಾಧ್ಯಕ್ಷರು ನೋಡಬೇಕು. ಹಾಗಲ್ಲ ಅನ್ನಿಸಿದರೆ ಒಪ್ಪಬಾರದು.

ಸದನದ ಕಥೆ ಇದಾದರೆ ಕೋರ್ಟಿನದು ಬೇರೆ. ಅಲ್ಲಿ ರಾಜೀನಾಮೆ ಕೊಟ್ಟವರಿಗೆ ಒಂದು ಪೇಚು ಕಾದಿತ್ತು. ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ 1982ರ ಜನವರಿಯಲ್ಲಿ ಕುರ್ಚಿ ಬಿಟ್ಟರು. ಸಿಮೆಂಟ್ ಹಂಚಿಕೆಗೂ ಅವರ ಟ್ರಸ್ಟ್‌ಗೆ ಬಂದ ದೇಣಿಗೆಗೂ ನಂಟಿದೆ ಎಂದು ಬಾಂಬೆ ಹೈಕೋರ್ಟ್ ಹೇಳಿತ್ತು. ಮುಖ್ಯಮಂತ್ರಿ ಅಲ್ಲದಿದ್ದರೂ ಶಾಸಕರಾಗಿ ಉಳಿದಿದ್ದರು. ಶಾಸಕನೂ ಸಾರ್ವಜನಿಕ ನೌಕರ, ಆದ್ದರಿಂದ ಹುದ್ದೆಯಿಂದ ತೆಗೆಯುವ ಅಧಿಕಾರವಿದ್ದವರ ಅನುಮತಿ ಇಲ್ಲದೆ ಮೊಕದ್ದಮೆ ನಡೆಸುವಂತಿಲ್ಲ ಎಂದು ಅವರ ಕಡೆಯ ವಾದ. 1984ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಒಪ್ಪಲಿಲ್ಲ. ಯಾವ ಹುದ್ದೆ ದುರುಪಯೋಗವಾಯಿತೋ ಅದನ್ನು ಬಿಟ್ಟ ಮೇಲೆ ಅನುಮತಿಯ ರಕ್ಷಣೆ ಇಲ್ಲ ಎಂದಿತು. ದಂಡಸಂಹಿತೆಯ ಅರ್ಥದಲ್ಲಿ ಶಾಸಕ ಸಾರ್ವಜನಿಕ ನೌಕರನೇ ಅಲ್ಲ ಎಂದೂ ಹೇಳಿತು. ಅಂದರೆ ಹುದ್ದೆಯ ಜತೆಗೆ ಗುರಾಣಿಯೂ ಹೋಯಿತು.

1988ರ ಭ್ರಷ್ಟಾಚಾರ ತಡೆ ಕಾಯ್ದೆ ಸಾರ್ವಜನಿಕ ನೌಕರ ಅನ್ನುವ ಪದವನ್ನು ಹಿಗ್ಗಿಸಿತು. ಸಂಸದರು, ಶಾಸಕರು ಅದರೊಳಗೆ ಬರುತ್ತಾರೆ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಅದೇ ತೀರ್ಪಿನಲ್ಲಿ ಒಂದು ವಿಚಿತ್ರವೂ ಇತ್ತು. 1993ರ ಜುಲೈನಲ್ಲಿ ನರಸಿಂಹ ರಾವ್ ಸರ್ಕಾರ ಉಳಿಸಲು ಲಂಚ ಪಡೆದು ಮತ ಹಾಕಿದರು ಎಂಬ ಆರೋಪ ಹೊತ್ತವರಿಗೆ, ಸದನದಲ್ಲಿ ಹಾಕಿದ ಮತಕ್ಕೆ ಕೋರ್ಟಿನಲ್ಲಿ ಉತ್ತರ ಕೊಡಬೇಕಿಲ್ಲ ಎಂಬ ನೆಪದಲ್ಲಿ ರಕ್ಷಣೆ ಸಿಕ್ಕಿತು. ಲಂಚ ಪಡೆದ ಆರೋಪವಿದ್ದೂ ಮತ ಹಾಕದೇ ಉಳಿದ ಒಬ್ಬರಿಗೆ ಮಾತ್ರ ಸಿಗಲಿಲ್ಲ! ಮಾತಿನಂತೆ ನಡೆದವರು ಪಾರು, ನಡೆಯದವರು ಸಿಕ್ಕಿಬಿದ್ದರು. ಇದನ್ನು ಸರಿಪಡಿಸಲು 26 ವರ್ಷ ಹಿಡಿಯಿತು. 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳ ಪೀಠ ಆ ರಕ್ಷಣೆಯನ್ನು ತೆಗೆದುಹಾಕಿತು. ಹಣ ಪಡೆದ ಕ್ಷಣಕ್ಕೇ ಅಪರಾಧ ಪೂರ್ತಿ, ಮತ ಹಾಕಿದರೋ ಬಿಟ್ಟರೋ ಬೇರೆ ಮಾತು.

ಈ ನಡುವೆ ಇನ್ನೊಂದು ಗುರಾಣಿ ಸದ್ದಿಲ್ಲದೆ ಮರಳಿತ್ತು. ಭ್ರಷ್ಟಾಚಾರ ತಡೆ ಕಾಯ್ದೆಗೆ ಬಂದ 2018ರ ತಿದ್ದುಪಡಿ, ಹುದ್ದೆ ಬಿಟ್ಟವರ ಮೇಲೆ ಮೊಕದ್ದಮೆ ನಡೆಸಲೂ ಅನುಮತಿ ಬೇಕು ಎಂದಿತು. ಅಂತುಳೆ ಕೇಸಿನಲ್ಲಿ ಕೋರ್ಟ್ ಹಾಕಿದ ಗೆರೆ ಹೀಗೆ ಅಳಿಸಿತು. ಇದರ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಲಿಲ್ಲ.

ಮುದಗಲ್ ದಾರಿಯ ಉಚ್ಚಾಟನೆ ದೊಡ್ಡದಾಗಿ ಮತ್ತೆ ಕಂಡದ್ದು 2005ರ ಡಿಸೆಂಬರ್‌ನಲ್ಲಿ. ಪ್ರಶ್ನೆ ಕೇಳಲು ಹಣ ಪಡೆಯುವುದು ಗುಪ್ತ ಕ್ಯಾಮೆರಾದಲ್ಲಿ ಸೆರೆಯಾಗಿ 11 ಸಂಸದರು ಸ್ಥಾನ ಕಳೆದುಕೊಂಡರು. ಸುಪ್ರೀಂ ಕೋರ್ಟ್ 2007ರಲ್ಲಿ ಸದನದ ಅಧಿಕಾರವನ್ನು ಎತ್ತಿಹಿಡಿಯಿತು. ಆ ಕೇಸಿಗೆ ಹೆಸರು ಕೊಟ್ಟ ರಾಜಾರಾಂ ಪಾಲ್ 2009ರಲ್ಲಿ ಬೇರೆ ಪಕ್ಷದಿಂದ ಗೆದ್ದು ಮತ್ತೆ ಲೋಕಸಭೆಗೆ ಬಂದರು. ಉಚ್ಚಾಟನೆಗೆ ಅಷ್ಟೇ ಆಯುಷ್ಯ, ಮುಂದಿನ ಚುನಾವಣೆಯನ್ನು ಅದು ತಡೆಯುವುದಿಲ್ಲ.

1951ರ ಪ್ರಶ್ನೆ ಕರ್ನಾಟಕಕ್ಕೆ ಬೇರೆ ವೇಷದಲ್ಲಿ ಬಂದದ್ದು 2019ರಲ್ಲಿ. ಇಲ್ಲಿ ದೂರು ಲಂಚದ್ದಲ್ಲ, ಪಕ್ಷಾಂತರದ್ದು. ಹೊರಹಾಕುವ ಮೊದಲೇ ರಾಜೀನಾಮೆ ಕೊಟ್ಟರೆ ಏನಾಗುತ್ತದೆ ಅನ್ನುವುದು ಮಾತ್ರ ಹಳೆಯದೇ. ಸಭಾಧ್ಯಕ್ಷ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರಾಜೀನಾಮೆ ಯಾಕೆ ಕೊಟ್ಟರು ಎಂದು ಸಭಾಧ್ಯಕ್ಷರು ಕೆದಕುವಂತಿಲ್ಲ. ಹಾಗೆಂದು ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆ ಅಳಿಸಿಯೂ ಹೋಗುವುದಿಲ್ಲ. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂಬ ಭಾಗವನ್ನು ಕೋರ್ಟ್ ತೆಗೆದುಹಾಕಿತು. ಮೂರು ವಾರದಲ್ಲಿ 15 ಕ್ಷೇತ್ರಗಳ ಉಪಚುನಾವಣೆ ಬಂತು. ಅನರ್ಹರಾಗಿದ್ದ 13 ಮಂದಿ ಬಿಜೆಪಿ ಟಿಕೆಟ್‌ನಲ್ಲಿ ನಿಂತರು. 11 ಮಂದಿ ಗೆದ್ದರು.